ಜೋಡಿ ಗೊತ್ತಾಗದೆ ಮದ್ದು ಸಿಗದು

ಸ್ತನ ಕ್ಯಾನ್ಸರ್ ಬಂದವರ ಬಯಾಪ್ಸಿ ವರದಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಹರ್-2 ಅಂತ ಬರೆದು ಅದರ ಮುಂದೆ 0, 1+, 2+ ಅಥವಾ 3+ ಅಂತ ಹಾಕಿರುತ್ತಾರೆ. 3+ ಬಂದರೆ ಪಾಸಿಟಿವ್. 2+ ಬಂದರೆ ಡಾಕ್ಟರು ಫಿಶ್ ಅನ್ನುವ ಇನ್ನೊಂದು ಟೆಸ್ಟ್ ಬರೆಯುತ್ತಾರೆ. ಮನೆಯವರಿಗೆ ಆ ಹೊತ್ತಿಗೆ ಬೇಕಾಗಿರುವುದು ಎರಡೇ ಉತ್ತರ: ಇದಕ್ಕೆ ಇಂಜೆಕ್ಷನ್ ಇದೆಯಾ, ಎಷ್ಟು ಖರ್ಚಾಗುತ್ತದೆ.

ಆದರೆ ಈ ಹರ್-2 ಒಂದು ವಿಚಿತ್ರ ಪ್ರಾಣಿ. ಇದು ರಿಸೆಪ್ಟರ್. ಅಂದರೆ ಜೀವಕೋಶದ ಮೈಮೇಲೆ ನಿಂತು, ಹೊರಗಿನಿಂದ ಬರುವ ಸಂದೇಶದ ಅಣುವನ್ನು ಹಿಡಿದು, ಸುದ್ದಿಯನ್ನು ಒಳಗೆ ಮುಟ್ಟಿಸಬೇಕಾದ ಪ್ರೋಟೀನು. ಹರ್-2 ಮಾತ್ರ ಯಾವ ಸಂದೇಶವನ್ನೂ ಹಿಡಿಯುವುದಿಲ್ಲ. ದಶಕಗಳಿಂದ ಹುಡುಕುತ್ತಿದ್ದರೂ ಅದಕ್ಕೆ ಬಂದು ಅಂಟಿಕೊಳ್ಳುವ ಅಣು ಸಿಕ್ಕಿಲ್ಲ. ಹಾಗಿದ್ದ ಮೇಲೆ ಅದು ಕ್ಯಾನ್ಸರನ್ನು ಬೆಳೆಸುವುದು ಹೇಗೆ?

ಇನ್ನೊಬ್ಬರ ಜೊತೆ ಸೇರಿ. ಕಳೆದ ಮೂರು ದಶಕಗಳಲ್ಲಿ ಔಷಧ ಹುಡುಕುವವರ ಕೆಲಸವನ್ನು ಮೆಲ್ಲಗೆ ಬದಲಾಯಿಸಿದ್ದು ಈ ಉತ್ತರವೇ. ಯಾವ ರಿಸೆಪ್ಟರ್‌ಗೆ ಮದ್ದು ಮಾಡಬೇಕು ಅಂತ ಕೇಳಿದರೆ ಸಾಲದು. ಅದು ಯಾರ ಜೊತೆ ಕೂಡಿದೆ ಅಂತಲೂ ಕೇಳಬೇಕು. ಆದರೆ ಪಕ್ಕಪಕ್ಕ ಕಂಡವರೆಲ್ಲ ಜೋಡಿ ಆಗಿರುವುದಿಲ್ಲ. ಈ ಎರಡನೇ ಮಾತನ್ನು ಮರೆತು ಬರೆದ ಲೇಖನಗಳು ಬೇಕಾದಷ್ಟಿವೆ, ಅದಕ್ಕೂ ಆಮೇಲೆ ಬರುತ್ತೇನೆ.

ಮೊದಲು ಹರ್ ಕುಟುಂಬ. ಒಟ್ಟು ನಾಲ್ಕು ಜನ. ಹರ್-1 (ಇದನ್ನೇ ಇಜಿಎಫ್‌ಆರ್ ಅನ್ನುವುದು), ಹರ್-2, ಹರ್-3, ಹರ್-4. ಪ್ರತಿಯೊಂದರ ಒಂದು ತುದಿ ಕೋಶದ ಹೊರಗೆ, ಇನ್ನೊಂದು ತುದಿ ಒಳಗೆ. ಹೊರಗಿನ ಭಾಗದಲ್ಲಿ ನಾಲ್ಕು ತುಂಡುಗಳಿವೆ. ಎರಡನೇ ತುಂಡಿನಿಂದ ಒಂದು ತೋಳು ಚಾಚಿಕೊಂಡಿರುತ್ತದೆ. ಸಂಗಾತಿಯನ್ನು ಹಿಡಿಯುವುದು ಆ ತೋಳೇ. ಉಳಿದ ಮೂವರು ಸುಮ್ಮನಿರುವಾಗ ಈ ತೋಳನ್ನು ಮಡಚಿ, ತಮ್ಮದೇ ನಾಲ್ಕನೇ ತುಂಡಿಗೆ ಸಿಕ್ಕಿಸಿಕೊಂಡಿರುತ್ತಾರೆ. ಸಂದೇಶದ ಅಣು ಬಂದು ಕೂತಾಗ ಮಾತ್ರ ಮಡಿಕೆ ಬಿಚ್ಚಿ ತೋಳು ಹೊರಗೆ ಬರುತ್ತದೆ. ಹರ್-2 ಹಾಗಲ್ಲ. ಅದರ ತೋಳು ಸದಾ ಚಾಚಿಯೇ ಇರುತ್ತದೆ, ಯಾವಾಗಲೂ ತಯಾರು. 2002 ಮತ್ತು 2003ರಲ್ಲಿ ಈ ಪ್ರೋಟೀನುಗಳ ಹರಳು ಮಾಡಿ ಎಕ್ಸ್-ರೇ ಹಾಯಿಸಿ ನೋಡಿದಾಗ ಈ ಚಿತ್ರ ಸ್ಪಷ್ಟವಾಯಿತು.

ಇನ್ನು ಒಳಗಿನ ತುದಿ. ಅಲ್ಲಿ ಕೈನೇಸ್ ಅನ್ನುವ ಯಂತ್ರ ಇದೆ. ಸಂಗಾತಿಯ ಬಾಲಕ್ಕೆ ಫಾಸ್ಫೇಟ್ ಅಂಟಿಸಿ ಸುದ್ದಿಯನ್ನು ಮುಂದಕ್ಕೆ ಓಡಿಸುವುದು ಅದರ ಕೆಲಸ. ಹರ್-3ರ ಕತೆ ಇಲ್ಲಿ ಸ್ವಾರಸ್ಯ. ಅದು ನ್ಯೂರೆಗ್ಯುಲಿನ್ ಎಂಬ ಅಣುವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರ ಕೈನೇಸ್ ತೀರಾ ದುರ್ಬಲ. ಹರ್-2ಕ್ಕೆ ಹಿಡಿಯಲು ಬರುವುದಿಲ್ಲ, ಕೈನೇಸ್ ಮಾತ್ರ ಗಟ್ಟಿ. ಕುರುಡನ ಹೆಗಲ ಮೇಲೆ ಕುಂಟ ಕೂತು ಊರು ಸೇರಿದ ಕತೆ ನಮಗೆಲ್ಲ ಗೊತ್ತಲ್ವಾ, ಇದು ಅದೇ. ಬೇರೆ ಬೇರೆಯಾಗಿ ಇಬ್ಬರಿಂದಲೂ ಹೆಚ್ಚೇನೂ ಆಗದು. ಸೇರಿದರೆ ಈ ಕುಟುಂಬದಲ್ಲೇ ಅತಿ ಜೋರಾದ ಜೋಡಿ. ಹರ್-3ರ ಬಾಲದಲ್ಲಿ ಪಿಐ3ಕೆ ಅನ್ನುವ ಕಿಣ್ವವನ್ನು ಕಟ್ಟಿಕೊಳ್ಳುವ ಜಾಗಗಳೇ ಆರು ಇವೆ. ಕೋಶಕ್ಕೆ 'ಬದುಕು, ಬೆಳೆ' ಎಂದು ಹೇಳುವ ದಾರಿ ಅದು. ಹರ್-2 ಆ ಆರೂ ಜಾಗಗಳಿಗೆ ಫಾಸ್ಫೇಟ್ ಅಂಟಿಸಿಕೊಡುತ್ತದೆ.

ಮಾಮೂಲಿ ಕೋಶದ ಮೇಲೆ ಹರ್-2 ಕೆಲವು ಹತ್ತು ಸಾವಿರ ಇರಬಹುದು. ಜೀನಿನ ಪ್ರತಿಗಳು ಹೆಚ್ಚಾಗಿರುವ ಗಡ್ಡೆಯಲ್ಲಿ ಒಂದೊಂದು ಕೋಶದ ಮೇಲೂ 20 ಲಕ್ಷದ ತನಕ ಏರುತ್ತದೆ. ಸ್ತನ ಕ್ಯಾನ್ಸರ್‌ಗಳಲ್ಲಿ 15ರಿಂದ 20 ಶೇಕಡಾ ಈ ಗುಂಪಿಗೆ ಸೇರುತ್ತವೆ. ಇಂಥ ಗಡ್ಡೆಗಳು ಜಾಸ್ತಿ ಉಗ್ರ ಎಂದು 1987ರಲ್ಲಿ ಲಾಸ್ ಏಂಜಲೀಸ್‌ನ ಡೆನಿಸ್ ಸ್ಲೇಮನ್ ತಂಡ ತೋರಿಸಿತು. 1998ರಲ್ಲಿ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯದ (ಆ್ಯಂಟಿಬಾಡಿ, ಅಂದರೆ ಆಯ್ದ ಗುರಿಗೆ ಹೋಗಿ ಅಂಟುವ ಪ್ರೋಟೀನು) ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹರ್ಸೆಪ್ಟಿನ್ ಅಂದರೆ ಜನಕ್ಕೆ ಬೇಗ ಗೊತ್ತಾಗುತ್ತದೆ.

ಈಗ ಒಂದು ಸೂಕ್ಷ್ಮ ಗಮನಿಸಿ. ಟ್ರಾಸ್ಟುಜುಮಾಬ್ ಹೋಗಿ ಕೂರುವುದು ಹರ್-2ರ ನಾಲ್ಕನೇ ತುಂಡಿನ ಮೇಲೆ, ಕೋಶಪೊರೆಗೆ ಹತ್ತಿರ. ಸಂಗಾತಿಯನ್ನು ಹಿಡಿಯುವ ತೋಳು ಇರುವುದು ಎರಡನೇ ತುಂಡಿನಲ್ಲಿ. ಹಾಗಾಗಿ ನ್ಯೂರೆಗ್ಯುಲಿನ್ ಬಂದಾಗ ಹರ್-2 ಮತ್ತು ಹರ್-3 ಕೂಡುವುದನ್ನು ಟ್ರಾಸ್ಟುಜುಮಾಬ್ ಸರಿಯಾಗಿ ತಡೆಯುವುದಿಲ್ಲ. ಅದು ಕೆಲಸ ಮಾಡುವುದು ಬಹುಮಟ್ಟಿಗೆ ಬೇರೆ ದಾರಿಯಲ್ಲಿ: ರೋಗನಿರೋಧಕ ಕೋಶಗಳನ್ನು ಕರೆದು ತರುತ್ತದೆ, ನ್ಯೂರೆಗ್ಯುಲಿನ್ ಇಲ್ಲದೆಯೂ ಹರ್-2, ಹರ್-3 ಅಂಟಿಕೊಂಡಿರುವುದನ್ನು ಸಡಿಲ ಮಾಡುತ್ತದೆ. ತೋಳನ್ನೇ ಮುಚ್ಚುವ ಪ್ರತಿಕಾಯ ಬೇಕಿತ್ತು. ಅದೇ ಪರ್ಟುಜುಮಾಬ್. 2012ರಲ್ಲಿ ಅನುಮತಿ ಸಿಕ್ಕಿತು.

ಕಾಗದದ ಮೇಲೆ ನೋಡಿದರೆ ಪರ್ಟುಜುಮಾಬ್ ಒಂದೇ ಸಾಕಾಗಬೇಕಿತ್ತು. ಜೋಡಿ ಕೂಡಿದರೆ ತಾನೇ ಸಂಕೇತ? ಕೂಡಲು ಬಿಡದಿದ್ದರೆ ಆಯಿತು. ಅಷ್ಟೇ ಅಲ್ಲ, ಹರ್-2 ಹೆಚ್ಚಿಲ್ಲದ ಗಡ್ಡೆಗಳಲ್ಲೂ ಇದು ಕೆಲಸ ಮಾಡಬಹುದು ಎಂಬ ಆಸೆ ಇತ್ತು. ರೋಗಿಗಳಲ್ಲಿ ಹಾಗಾಗಲಿಲ್ಲ. ಹರ್-2 ನೆಗೆಟಿವ್ ಸ್ತನ ಕ್ಯಾನ್ಸರ್‌ನಲ್ಲಿ ಪರ್ಟುಜುಮಾಬ್ ಕೊಟ್ಟು ನೋಡಿದರು, ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಹರ್-2 ಪಾಸಿಟಿವ್ ಆಗಿದ್ದು, ಟ್ರಾಸ್ಟುಜುಮಾಬ್‌ಗೆ ಬಗ್ಗದೆ ಬೆಳೆದಿದ್ದ 29 ಜನರಿಗೆ ಪರ್ಟುಜುಮಾಬ್ ಒಂದನ್ನೇ ಕೊಟ್ಟಾಗ ಗಡ್ಡೆ ಕುಗ್ಗಿದ್ದು 3.4 ಶೇಕಡಾ, ಅಂದರೆ ಒಬ್ಬರಿಗೆ. ಅವರಲ್ಲೇ 17 ಜನರಿಗೆ ಟ್ರಾಸ್ಟುಜುಮಾಬನ್ನು ಮತ್ತೆ ಸೇರಿಸಿದಾಗ ಅದು 17.6 ಶೇಕಡಾ ಆಯಿತು. ನೋಡಿ, ಅದೇ ರೋಗಿಗಳು. ಎರಡು ಔಷಧಗಳೂ ಬೇರೆ ಬೇರೆಯಾಗಿ ಸೋತಿದ್ದವು. ಒಟ್ಟಿಗೆ ಹಾಕಿದರೆ ಕೆಲವರಿಗಾದರೂ ಫಲ ಸಿಕ್ಕಿತು. ಸಣ್ಣ ಅಧ್ಯಯನ ನಿಜ. ಆದರೆ ಆಮೇಲೆ ಬಂದ 808 ಜನರ ಕ್ಲಿಯೋಪಾತ್ರಾ ಪ್ರಯೋಗ ಇದನ್ನು ಗಟ್ಟಿ ಮಾಡಿತು. ಟ್ರಾಸ್ಟುಜುಮಾಬ್ ಮತ್ತು ಕೀಮೋ ಪಡೆದವರು ಸರಾಸರಿ 40.8 ತಿಂಗಳು ಬದುಕಿದರೆ, ಅದಕ್ಕೆ ಪರ್ಟುಜುಮಾಬ್ ಸೇರಿಸಿದವರು 56.5 ತಿಂಗಳು. ಇಲ್ಲಿ ಸರಾಸರಿ ಅಂದರೆ ಸಾಲಿನ ನಟ್ಟನಡುವಿನವರ ಲೆಕ್ಕ. ದೇಹದ ಬೇರೆ ಕಡೆಗೆ ಹರಡಿದ ಕ್ಯಾನ್ಸರ್‌ನಲ್ಲಿ 15.7 ತಿಂಗಳ ವ್ಯತ್ಯಾಸ ಕಡಿಮೆ ಏನಲ್ಲ.

ಇದೇ ಜೋಡಿ ಔಷಧವನ್ನು ಆಪರೇಷನ್ ಆದ ಆರಂಭದ ಹಂತದವರಿಗೆ ಕೊಟ್ಟಾಗ ಲಾಭ ಬಹಳ ತೆಳುವಾಯಿತು. ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಇದ್ದವರು 93.2 ಬದಲು 94.1 ಶೇಕಡಾ. ಸಿದ್ಧಾಂತ ಎರಡೂ ಕಡೆ ಒಂದೇ, ರೋಗಿಗೆ ಸಿಕ್ಕ ಫಲ ಮಾತ್ರ ಬೇರೆ ಬೇರೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ನೆನಪಿಡಬೇಕಾದ ಅಂಕಿ ಇವೇ. ಜೋಡಿ ಹೇಗೆ ಕೂಡುತ್ತದೆ ಎಂದು ಪರಮಾಣು ಮಟ್ಟದಲ್ಲಿ ಗೊತ್ತಿದ್ದರೂ, ಅದನ್ನು ತಡೆದರೆ ಯಾವ ಹಂತದಲ್ಲಿ ಎಷ್ಟು ಉಪಯೋಗ ಎಂಬುದು ರೋಗಿಗಳಲ್ಲಿ ನೋಡದೆ ತಿಳಿಯದು.

ಹೃದಯದ ವಿಷಯವನ್ನೂ ಇಲ್ಲೇ ಹೇಳಬೇಕು. ಟ್ರಾಸ್ಟುಜುಮಾಬ್ ಪಡೆಯುವವರಿಗೆ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸುತ್ತಾರೆ. ಯಾಕೆ ಅಂತ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಹೃದಯದ ಸ್ನಾಯುಕೋಶಗಳ ಮೇಲೆ ಹರ್-2 ಇನ್ನೊಂದು ಜೋಡಿ ಕಟ್ಟಿಕೊಂಡಿದೆ, ಹರ್-4ರ ಜೊತೆ. ರಕ್ತನಾಳದ ಒಳಪದರದ ಕೋಶಗಳು ಬಿಡುವ ನ್ಯೂರೆಗ್ಯುಲಿನ್ ಈ ಜೋಡಿಯ ಮೂಲಕ ಸ್ನಾಯುವಿಗೆ ಕಷ್ಟಕಾಲದಲ್ಲಿ ಆಸರೆ ಕೊಡುತ್ತದೆ. ಹೃದಯಕ್ಕೆ ಏಟು ಕೊಡುವ ಆಂಥ್ರಾಸೈಕ್ಲಿನ್ ಕೀಮೋ ಜೊತೆಗೇ ಟ್ರಾಸ್ಟುಜುಮಾಬನ್ನೂ ಕೊಟ್ಟ ಮೊದಲ ದೊಡ್ಡ ಪ್ರಯೋಗದಲ್ಲಿ 27 ಶೇಕಡಾ ಜನರಿಗೆ ಹೃದಯದ ತೊಂದರೆ ಕಂಡಿತು. ಆ ಕೀಮೋ ಒಂದನ್ನೇ ಪಡೆದವರಲ್ಲಿ ಅದು 8 ಶೇಕಡಾ. ಏಟು ಬೀಳುವ ಹೊತ್ತಿಗೇ ಆಸರೆಯನ್ನೂ ತೆಗೆದಂತಾಯಿತು. ಗಡ್ಡೆಯಲ್ಲಿ ಹರ್-2ಕ್ಕೆ ಒಬ್ಬ ಸಂಗಾತಿ, ಹೃದಯದಲ್ಲಿ ಇನ್ನೊಬ್ಬ. ಔಷಧಕ್ಕೆ ಈ ವ್ಯತ್ಯಾಸ ತಿಳಿಯದು. ಈಗ ಎರಡನ್ನೂ ಒಂದೇ ಹೊತ್ತಿಗೆ ಕೊಡದೆ ಒಂದಾದ ಮೇಲೆ ಒಂದು ಕೊಡುವುದೇ ರೂಢಿ.

ಬೆಲೆಯ ಮಾತು ಬಂದರೆ ಬೆಂಗಳೂರಿನ ನಂಟೂ ಇದೆ. ಬಯೋಕಾನ್ ತನ್ನ ಟ್ರಾಸ್ಟುಜುಮಾಬನ್ನು ಕ್ಯಾನ್‌ಮ್ಯಾಬ್ ಹೆಸರಲ್ಲಿ 2014ರಲ್ಲಿ ಮಾರುಕಟ್ಟೆಗೆ ತಂದಿತು. 440 ಮಿಲಿಗ್ರಾಂ ಬಾಟಲಿಗೆ ಆಗ 57,500 ರೂಪಾಯಿ. ಮೂಲ ಔಷಧಕ್ಕಿಂತ ಕಡಿಮೆ, ಆದರೂ ಸಂಬಳದವರ ಕೈಗೆ ಸುಲಭಕ್ಕೆ ಎಟುಕುವಂಥದ್ದಾಗಿರಲಿಲ್ಲ. ಇದೇ ಪ್ರತಿಕಾಯಕ್ಕೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅಲ್ಲಿ ಒಪ್ಪಿಗೆ ಪಡೆದ ಮೊದಲ ಟ್ರಾಸ್ಟುಜುಮಾಬ್ ಬಯೋಸಿಮಿಲರ್ (ಮೂಲ ಔಷಧವನ್ನು ಹೋಲುವ ಪ್ರತಿ) ಅದು.

ಕ್ಯಾನ್ಸರ್ ಬಿಟ್ಟು ಈಗ ತಲೆನೋವಿಗೆ ಬರೋಣ. ಜೋಡಿ ರಿಸೆಪ್ಟರ್‌ಗೆ ಔಷಧ ಮಾಡುವುದು ಅಂದರೇನು ಎಂದು ಅತಿ ಚೆನ್ನಾಗಿ ತೋರಿಸುವ ಉದಾಹರಣೆ ಇದು ಅಂತ ನನಗನ್ನಿಸುತ್ತದೆ.

ಮೈಗ್ರೇನ್ ಬಂದಾಗ ಸಿಜಿಆರ್‌ಪಿ ಎಂಬ, 37 ಅಮೈನೋ ಆಮ್ಲಗಳ ಪುಟ್ಟ ಅಣು ನರಗಳ ತುದಿಯಿಂದ ಹೊರಬರುತ್ತದೆ. ಇದನ್ನು ಹಿಡಿಯುವ ರಿಸೆಪ್ಟರ್ ಯಾವುದು ಅಂತ ಬಹಳ ಕಾಲ ಗೊಂದಲ ಇತ್ತು. ಸಿಎಲ್‌ಆರ್ ಅನ್ನುವ ಪ್ರೋಟೀನೇ ಇರಬೇಕು ಅಂತ ಅನುಮಾನ. ಆದರೆ ಕೆಲವು ಬಗೆಯ ಕೋಶಗಳಲ್ಲಿ ಅದು ಕೆಲಸ ಮಾಡುತ್ತಿತ್ತು, ಕೆಲವದರಲ್ಲಿ ಇಲ್ಲ. 1998ರಲ್ಲಿ ಗುಟ್ಟು ಬಯಲಾಯಿತು. ಸಿಎಲ್‌ಆರ್‌ಗೆ ರ‍್ಯಾಂಪ್-1 ಎಂಬ ಇನ್ನೊಂದು ಚಿಕ್ಕ ಪ್ರೋಟೀನು ಜೊತೆಗಿರಬೇಕು. ಅದಿಲ್ಲದೆ ಸಿಎಲ್‌ಆರ್ ಕೋಶದ ಮೇಲ್ಮೈಗೇ ಬರುವುದಿಲ್ಲ. ಇನ್ನೂ ಮಜಾ ಅಂದರೆ, ರ‍್ಯಾಂಪ್-1ರ ಬದಲು ರ‍್ಯಾಂಪ್-2 ಜೊತೆಗೆ ಬಂದರೆ ಅದೇ ಸಿಎಲ್‌ಆರ್ ಸಿಜಿಆರ್‌ಪಿಗಿಂತ ಅಡ್ರಿನೋಮೆಡ್ಯುಲಿನ್ ಎಂಬ ಬೇರೆಯೇ ಹಾರ್ಮೋನಿನತ್ತ ಒಲಿಯುತ್ತದೆ. ರಕ್ತನಾಳಗಳು ಸರಿಯಾಗಿ ಬೆಳೆಯಲು ಆ ಹಾರ್ಮೋನು ಬೇಕು. ರ‍್ಯಾಂಪ್-2 ಇಲ್ಲದ ಇಲಿಮರಿಗಳು ಗರ್ಭದಲ್ಲೇ ಸಾಯುತ್ತವೆ.

ಹಾಗಾದರೆ ಮೈಗ್ರೇನ್‌ಗೆ ಮದ್ದು ಮಾಡುವವರು ಸಿಎಲ್‌ಆರ್ ಒಂದನ್ನೇ ಕಟ್ಟಿಹಾಕುವಂತಿಲ್ಲ. ತಲೆನೋವು ಹೋಗಬಹುದು, ರಕ್ತನಾಳಕ್ಕೆ ಕುತ್ತು ಬರಬಹುದು. ಹೊಡೆಯಬೇಕಾದ್ದು ಸಿಎಲ್‌ಆರ್ ಮತ್ತು ರ‍್ಯಾಂಪ್-1 ಒಟ್ಟಿಗಿರುವ ಜಾಗವನ್ನು ಮಾತ್ರ.

ಬೋರಿಂಗರ್ ಇಂಗೆಲ್‌ಹೈಮ್ ಕಂಪನಿಯ ಓಲ್ಸೆಜೆಪಾಂಟ್ ಎಂಬ ಅಣು ಇದನ್ನು ಸಾಧಿಸಿತ್ತು, ಅದು ಹೇಗೆ ಎಂಬುದು ಮಾತ್ರ ಆಮೇಲೆ ಗೊತ್ತಾಯಿತು. ಸುಳಿವು ಸಿಕ್ಕಿದ್ದು ಇಲಿಯಿಂದ. ಮನುಷ್ಯರ ರಿಸೆಪ್ಟರ್‌ಗೆ ಈ ಅಣು ಬಿಗಿಯಾಗಿ ಅಂಟುತ್ತಿತ್ತು. ಇಲಿಯ ರಿಸೆಪ್ಟರ್‌ಗೆ ಅಂಟುವ ಬಲ ನೂರು ಪಟ್ಟಿಗೂ ಮೀರಿ ಕಡಿಮೆ. ಯಾಕೆ? 2002ರಲ್ಲಿ ವಿಜ್ಞಾನಿಗಳು ಸಿಎಲ್‌ಆರ್ ಮತ್ತು ರ‍್ಯಾಂಪ್-1ಗಳನ್ನು ಅದಲುಬದಲು ಮಾಡಿ ನೋಡಿದರು. ಮನುಷ್ಯನ ಸಿಎಲ್‌ಆರ್ ಜೊತೆ ಇಲಿಯ ರ‍್ಯಾಂಪ್, ಇಲಿಯ ಸಿಎಲ್‌ಆರ್ ಜೊತೆ ಮನುಷ್ಯನ ರ‍್ಯಾಂಪ್, ಹೀಗೆ. ವ್ಯತ್ಯಾಸ ಇದ್ದದ್ದು ರ‍್ಯಾಂಪ್-1ರಲ್ಲಿ, ಅದೂ 74ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲದಲ್ಲಿ. ಮನುಷ್ಯರಲ್ಲಿ ಅಲ್ಲಿ ಟ್ರಿಪ್ಟೋಫಾನ್ ಇದೆ, ಇಲಿಯಲ್ಲಿ ಲೈಸೀನ್. ಇಲಿಯ ರ‍್ಯಾಂಪ್‌ನಲ್ಲಿ ಆ ಒಂದನ್ನು ಟ್ರಿಪ್ಟೋಫಾನ್‌ಗೆ ಬದಲಾಯಿಸಿದರೆ ಔಷಧ ಮನುಷ್ಯರಲ್ಲಿ ಅಂಟಿದ ಹಾಗೇ ಅಂಟಿತು.

2010ರಲ್ಲಿ ಹರಳಿನ ಚಿತ್ರ ಬಂದಾಗ ಕಾರಣ ಕಣ್ಣಿಗೇ ಕಂಡಿತು. ಎರಡು ಪ್ರೋಟೀನುಗಳು ಕೂಡುವ ಸಂದಿನಲ್ಲಿ ಒಂದು ಸಣ್ಣ ಗುಳಿ ಇದೆ. ಒಂದು ಬದಿಯಿಂದ ಸಿಎಲ್‌ಆರ್‌ನ ಟ್ರಿಪ್ಟೋಫಾನ್, ಇನ್ನೊಂದು ಬದಿಯಿಂದ ರ‍್ಯಾಂಪ್-1ರ 74ನೇ ಟ್ರಿಪ್ಟೋಫಾನ್, ನಡುವೆ ಔಷಧ ಕೂತಿದೆ. ಈ ಗುಳಿ ಸಿಎಲ್‌ಆರ್ ಒಂದರಲ್ಲೇ ಇಲ್ಲ, ರ‍್ಯಾಂಪ್-1 ಒಂದರಲ್ಲೂ ಇಲ್ಲ. ಇಬ್ಬರೂ ಸೇರಿದಾಗ ಮಾತ್ರ ಹುಟ್ಟುತ್ತದೆ. ಒಂದೊಂದು ಪ್ರೋಟೀನನ್ನು ಬೇರೆ ಬೇರೆ ಇಟ್ಟು ಮದ್ದು ಹುಡುಕಿದ್ದರೆ ಜೀವಮಾನ ಕಳೆದರೂ ಇದು ಸಿಗುತ್ತಿರಲಿಲ್ಲ.

ಓಲ್ಸೆಜೆಪಾಂಟ್ ನುಂಗುವ ಮಾತ್ರೆ ಆಗಲಿಲ್ಲ, ರಕ್ತನಾಳಕ್ಕೇ ಕೊಡಬೇಕಿತ್ತು. ಅದರ ಹಿಂದೆಯೇ ಬಂದ ಟೆಲ್ಕಜೆಪಾಂಟ್ ಲಿವರ್ ತೊಂದರೆಯಿಂದ ನಿಂತುಹೋಯಿತು. ಆಮೇಲೆ ದಾರಿ ತೆರೆಯಿತು. ಸಂದಿಗೇ ಅಂಟುವ ಎರೆನುಮಾಬ್ ಪ್ರತಿಕಾಯಕ್ಕೆ 2018ರಲ್ಲಿ, ಉಬ್ರೋಜೆಪಾಂಟ್ ಮಾತ್ರೆಗೆ 2019ರ ಕೊನೆಯಲ್ಲಿ, ರಿಮೆಜೆಪಾಂಟ್‌ಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ. ಒಂದು ತೊಡಕು ಉಳಿದಿದೆ. ರ‍್ಯಾಂಪ್-1 ಕ್ಯಾಲ್ಸಿಟೋನಿನ್ ರಿಸೆಪ್ಟರ್ ಜೊತೆಗೂ ಕೂಡುತ್ತದೆ, ಆ ಜೋಡಿ ಅಮೈಲಿನ್ ಹಾರ್ಮೋನಿಗೆ ಮಾತ್ರವಲ್ಲ, ಸಿಜಿಆರ್‌ಪಿಗೂ ಓಗೊಡುತ್ತದೆ. 74ನೇ ಟ್ರಿಪ್ಟೋಫಾನ್ ಅಲ್ಲೂ ಇದೆ. ಹಾಗಾಗಿ ಹೆಸರಿನ ಕೊನೆಗೆ ಜೆಪಾಂಟ್ ಅಂತಿರುವ ಈ ಮದ್ದುಗಳಲ್ಲಿ ಕೆಲವು ಆ ಜೋಡಿಗೂ ಸ್ವಲ್ಪ ಅಂಟುತ್ತವೆ, ಅಷ್ಟು ಬಿಗಿಯಾಗಿ ಅಲ್ಲದಿದ್ದರೂ.

ಬೇರ್ಪಡಿಸಲಾಗದ ಜೋಡಿಗೆ ಇನ್ನೊಂದು ಒಳ್ಳೆಯ ಉದಾಹರಣೆ ಗ್ಯಾಬಾ-ಬಿ. ಮಿದುಳನ್ನು ಶಾಂತ ಮಾಡುವ ಗ್ಯಾಬಾ ಅಣುವಿನ ರಿಸೆಪ್ಟರ್‌ಗಳಲ್ಲಿ ಇದೂ ಒಂದು. ಸ್ನಾಯು ಸೆಟೆತಕ್ಕೆ ಕೊಡುವ ಬ್ಯಾಕ್ಲೋಫೆನ್ ಕೆಲಸ ಮಾಡುವುದು ಇದರ ಮೇಲೆಯೇ. 1997ರಲ್ಲಿ ಇದರ ಜೀನ್ ಸಿಕ್ಕಿದಾಗ ಸಂಭ್ರಮ ಜೋರಾಗಿತ್ತು. ಆದರೆ ಆ ಪ್ರೋಟೀನನ್ನು ಕೋಶಕ್ಕೆ ಹಾಕಿದರೆ ಅದು ಒಳಗೇ ಉಳಿಯುತ್ತಿತ್ತು, ಕೆಲಸ ಮಾಡುತ್ತಿರಲಿಲ್ಲ. ಮರುವರ್ಷ ಎರಡನೇ ಪ್ರೋಟೀನು ಸಿಕ್ಕಿತು. ಮೊದಲನೆಯದರ ಬಾಲದಲ್ಲಿ 'ಇದನ್ನು ಹೊರಗೆ ಬಿಡಬೇಡ' ಎನ್ನುವ ಒಂದು ಗುರುತಿದೆ. ಎರಡನೆಯದು ಬಂದು ಹೆಣೆದುಕೊಂಡಾಗ ಆ ಗುರುತು ಮುಚ್ಚಿಹೋಗುತ್ತದೆ, ಜೋಡಿಗೆ ಮೇಲ್ಮೈಗೆ ಹೋಗಲು ದಾರಿ ಸಿಗುತ್ತದೆ. ಗ್ಯಾಬಾವನ್ನು ಹಿಡಿಯುವುದು ಒಂದು, ಕೋಶದೊಳಗೆ ಸುದ್ದಿಯನ್ನು ಮುಂದಕ್ಕೆ ಒಯ್ಯುವ ಜಿ-ಪ್ರೋಟೀನನ್ನು ಎಬ್ಬಿಸುವುದು ಇನ್ನೊಂದು. ಒಂಟಿಯಾಗಿ ಹೊರಬಿದ್ದು ಎಡವಟ್ಟು ಮಾಡದಂತೆ ಕೋಶವೇ ಕಾವಲು ಹಾಕಿದೆ.

ನಾಲಿಗೆಯ ಮೇಲೂ ಇದೇ ಲೆಕ್ಕ. ಸಿಹಿ ತಿಳಿಯಲು ಟಿ1ಆರ್2 ಮತ್ತು ಟಿ1ಆರ್3 ಕೂಡಬೇಕು. ಅದೇ ಟಿ1ಆರ್3 ಬೇರೆ ಸಂಗಾತಿ ಟಿ1ಆರ್1 ಜೊತೆ ಸೇರಿದರೆ ಉಮಾಮಿ, ಅಂದರೆ ಮಾಂಸದ ಸಾರಿನಂಥ ರುಚಿ. ಬೆಕ್ಕಿನಲ್ಲಿ ಟಿ1ಆರ್2 ಜೀನ್ ಕೆಟ್ಟುಹೋಗಿದೆ, ಹಾಗಾಗಿ ಜೋಡಿ ಇಲ್ಲ, ಸಿಹಿಯೂ ಇಲ್ಲ. ನಿಮ್ಮ ಮನೆಯ ಬೆಕ್ಕು ಪಾಯಸದ ಪಾತ್ರೆಗೆ ಬಾಯಿ ಹಾಕಿದರೆ ಅದು ಬೆಲ್ಲಕ್ಕಂತೂ ಅಲ್ಲ.

ಇಲ್ಲಿಯವರೆಗೆ ಹೇಳಿದ ಜೋಡಿಗಳ ಬಗ್ಗೆ ದೊಡ್ಡ ಜಗಳ ಇಲ್ಲ. ಜಗಳ ಇರುವುದು ಮುಂದಿನದರ ಬಗ್ಗೆ.

ಜಿಪಿಸಿಆರ್ ಎಂಬ ದೊಡ್ಡ ರಿಸೆಪ್ಟರ್ ಕುಟುಂಬ ಇದೆ. ಮನುಷ್ಯರಲ್ಲಿ ಸುಮಾರು 800 ಜೀನುಗಳು. ಈಗ ಬಳಕೆಯಲ್ಲಿರುವ ಔಷಧಗಳಲ್ಲಿ ಮೂರನೇ ಒಂದು ಭಾಗ ಇವುಗಳ ಮೇಲೆಯೇ ಕೆಲಸ ಮಾಡುತ್ತದೆ. ಸಿಎಲ್‌ಆರ್, ಗ್ಯಾಬಾ-ಬಿ ಇವೂ ಇದೇ ಕುಟುಂಬದವು. ಆದರೆ ಇದರಲ್ಲಿ ಅತಿ ದೊಡ್ಡ ಪಂಗಡ ಕ್ಲಾಸ್ ಎ. ಅಡ್ರಿನಲಿನ್, ಡೋಪಮಿನ್, ಅಫೀಮು ಜಾತಿಯ ನೋವಿನ ಮದ್ದುಗಳು, ಇವನ್ನೆಲ್ಲ ಹಿಡಿಯುವ ರಿಸೆಪ್ಟರ್‌ಗಳು ಆ ಪಂಗಡದವು. ಇವೂ ಜೋಡಿಯಾಗಿ ಕೆಲಸ ಮಾಡುತ್ತವೆಯಾ? 1990ರ ದಶಕದ ಕೊನೆಯಿಂದ ಹೌದು ಎನ್ನುವ ಪ್ರಬಂಧಗಳ ಸುರಿಮಳೆಯೇ ಆಯಿತು. ಇದು ಅದರ ಜೊತೆ, ಅದು ಇದರ ಜೊತೆ, ನೂರಾರು ಜೋಡಿಗಳು.

ಇವುಗಳಲ್ಲಿ ಹೆಚ್ಚಿನವಕ್ಕೆ ಸಾಕ್ಷಿ ಏನು? ಒಂದು ರಿಸೆಪ್ಟರ್‌ಗೆ ಹೊಳೆಯುವ ಪ್ರೋಟೀನು ಅಂಟಿಸುತ್ತಾರೆ, ಇನ್ನೊಂದಕ್ಕೆ ಬೇರೆ ಬಣ್ಣದ್ದು. ಎರಡೂ 10 ನ್ಯಾನೋಮೀಟರ್ ಒಳಗೆ ಹತ್ತಿರ ಬಂದರೆ ಮೊದಲನೆಯದರ ಶಕ್ತಿ ಎರಡನೆಯದಕ್ಕೆ ಹಾರಿ ಬಣ್ಣ ಬದಲಾಗುತ್ತದೆ. ಚಂದದ ಉಪಾಯವೇ. ಆದರೆ ಪ್ರಯೋಗಕ್ಕೆ ಬಳಸುವ ಕೋಶಗಳಲ್ಲಿ ಈ ರಿಸೆಪ್ಟರ್‌ಗಳನ್ನು ದೇಹದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತುಂಬಿರುತ್ತಾರೆ. ಕಿಕ್ಕಿರಿದ ಕೋಶಪೊರೆಯಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ತಗುಲುತ್ತಾರೆ. ತಗುಲಿದ್ದೆಲ್ಲ ಕೂಡಿದ್ದು ಅಂತ ಬರೆದರೆ ಹೇಗೆ? 2006ರಲ್ಲಿ ಆಕ್ಸ್‌ಫರ್ಡಿನ ಒಂದು ತಂಡ ಇದೇ ತಕರಾರು ಎತ್ತಿತು.

ಮರುವರ್ಷ ಇನ್ನೊಂದು ಪೆಟ್ಟು. ಅಡ್ರಿನಲಿನ್ ಹಿಡಿಯುವ ಬೀಟಾ-2 ರಿಸೆಪ್ಟರನ್ನು ಒಂದೊಂದಾಗಿ, ಒಂದು ಪುಟ್ಟ ಕೊಬ್ಬಿನ ತಟ್ಟೆಗೆ ಒಂದರಂತೆ ಕೂರಿಸಿ ನೋಡಿದರು. ಒಂಟಿಯಾಗಿಯೇ ಅದು ಜಿ-ಪ್ರೋಟೀನನ್ನು ಚೆನ್ನಾಗಿ ಎಬ್ಬಿಸಿತು. ಜೋಡಿ ಬೇಕಾಗಲೇ ಇಲ್ಲ.

ಹಾಗಂತ ಅವು ಕೂಡುವುದೇ ಇಲ್ಲ ಅಂತಲೂ ಅಲ್ಲ. 2010ರಲ್ಲಿ ಇದೇ ಕ್ಲಾಸ್ ಎ ಪಂಗಡದ ಎಂ1 ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ಜೀವಂತ ಕೋಶದ ಮೇಲೆ ಒಂದೊಂದಾಗಿ ಹಿಂಬಾಲಿಸಿ ನೋಡಿದ ಅಧ್ಯಯನ ಬಂತು. ಯಾವುದೇ ಕ್ಷಣದಲ್ಲಿ ಸುಮಾರು 30 ಶೇಕಡಾ ಜೋಡಿಯಾಗಿದ್ದವು. ಆದರೆ ಒಂದು ಜೋಡಿ ಒಟ್ಟಿಗಿರುತ್ತಿದ್ದದ್ದು ಅರ್ಧ ಸೆಕೆಂಡಿನಷ್ಟು. ಕೂಡುತ್ತವೆ, ಬಿಡುತ್ತವೆ, ಇನ್ಯಾರನ್ನೋ ಕೂಡುತ್ತವೆ. ಸಿಎಲ್‌ಆರ್-ರ‍್ಯಾಂಪ್ ನಂಟಿಗೂ ಇದಕ್ಕೂ ಅಜಗಜಾಂತರ. ಅರ್ಧ ಸೆಕೆಂಡು ಬದುಕುವ ಸಂದಿಗೆ ಮದ್ದು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಈ ಜೋಡಿಗಳ ಬಗ್ಗೆ ಉತ್ಸಾಹದಿಂದ ಬರೆಯುವವರು ನೇರ ಉತ್ತರ ಕೊಡುವುದು ಅಪರೂಪ.

ಪಾರ್ಕಿನ್ಸನ್ ಕಾಯಿಲೆಯ ಉದಾಹರಣೆ ನೋಡಿ. ಮಿದುಳಿನ ಸ್ಟ್ರಯೇಟಮ್ ಎಂಬ ಭಾಗದ ಕೆಲವು ನರಕೋಶಗಳ ಮೇಲೆ ಅಡಿನೋಸಿನ್‌ನ ಎ2ಎ ರಿಸೆಪ್ಟರ್ ಮತ್ತು ಡೋಪಮಿನ್‌ನ ಡಿ2 ರಿಸೆಪ್ಟರ್ ಎರಡೂ ಇವೆ. ಒಂದು ಜೋರಾದರೆ ಇನ್ನೊಂದು ಮಂಕಾಗುತ್ತದೆ. ಇವು ಒಂದಕ್ಕೊಂದು ಅಂಟಿಕೊಂಡಿವೆ, ಅದಕ್ಕೇ ಹೀಗೆ ಎಂದು ಹಲವರ ವಾದ. ಎ2ಎಯನ್ನು ತಡೆಯುವ ಇಸ್ಟ್ರಡಿಫಿಲಿನ್ ಮಾತ್ರೆ ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಈ ಕಾಯಿಲೆಯ ಮುಖ್ಯ ಮದ್ದಾದ ಲೆವೊಡೋಪಾ ಜೊತೆಗೆ ಕೊಡುವ ಔಷಧವಾಗಿ ಬಂತು. ನಮ್ಮ ಕಾಫಿಯ ಕೆಫೀನ್ ತಡೆಯುವುದೂ ಇದೇ ಎ2ಎಯನ್ನೇ. ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಕಡಿಮೆ ಎಂದು ಹಲವು ಸಮೀಕ್ಷೆಗಳಲ್ಲಿ ಕಂಡಿದೆ. ಇದನ್ನೆಲ್ಲ ಜೋಡಿಸಿ 'ರಿಸೆಪ್ಟರ್ ಜೋಡಿಗೆ ಸಿಕ್ಕ ಜಯ' ಅಂತ ಬರೆಯುವುದು ಸುಲಭ.

ನನಗೆ ಅದು ಒಪ್ಪಿಗೆಯಿಲ್ಲ. ಎ2ಎ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಏರಿಸುತ್ತದೆ, ಡಿ2 ಅದನ್ನೇ ಇಳಿಸುತ್ತದೆ. ಎರಡೂ ಒಂದಕ್ಕೊಂದು ಮುಟ್ಟದೆ ದೂರ ದೂರ ನಿಂತಿದ್ದರೂ ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ. ಇಸ್ಟ್ರಡಿಫಿಲಿನ್ ಫಲ ಕೊಡಲು ಜೋಡಿ ಬೇಕೇಬೇಕು ಅಂತೇನಿಲ್ಲ. ಔಷಧ ಗೆದ್ದಿತು ಅಂದಮಾತ್ರಕ್ಕೆ ಅದರ ಹಿಂದಿನ ವಿವರಣೆಯೂ ಗೆದ್ದಿತು ಅಂತ ಆಗುವುದಿಲ್ಲ.

ನೋವಿನ ಮದ್ದಿನಲ್ಲೂ ಇಂಥದ್ದೇ ಆಸೆ ಇತ್ತು. ಮಾರ್ಫಿನ್ ಮ್ಯೂ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತದೆ. ದಿನ ಕಳೆದಂತೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಡೋಸ್ ಏರಿಸಬೇಕಾಗುತ್ತದೆ. ಪಕ್ಕದ ಡೆಲ್ಟಾ ರಿಸೆಪ್ಟರನ್ನು ಸುಮ್ಮನಾಗಿಸಿದರೆ ಈ ಒಗ್ಗುವಿಕೆ ಕಡಿಮೆ ಎಂದು ಮೊದಲೇ ಗೊತ್ತಿತ್ತು. ಅಮೆರಿಕದ ಮಿನೆಸೋಟಾದಲ್ಲಿ ಫಿಲಿಪ್ ಪೋರ್ಟೋಗೀಸ್ ತಂಡ ಎರಡು ತಲೆಯ ಅಣುಗಳನ್ನು ಮಾಡಿತು. ಒಂದು ತಲೆ ಮ್ಯೂವನ್ನು ಎಬ್ಬಿಸುವಂಥದ್ದು, ಇನ್ನೊಂದು ಡೆಲ್ಟಾವನ್ನು ತಡೆಯುವಂಥದ್ದು, ನಡುವೆ ಒಂದು ಸರಪಳಿ. ಸರಪಳಿಯ ಉದ್ದ ಬದಲಾಯಿಸುತ್ತಾ ಹೋದರು. 21 ಪರಮಾಣು ಉದ್ದದ್ದು ಇಲಿಗಳಲ್ಲಿ ನೋವು ಕಡಿಮೆ ಮಾಡಿತು, ದೇಹ ಒಗ್ಗಿಹೋಗಲಿಲ್ಲ. 2005ರ ಮಾತಿದು. ಉದ್ದ ಇಷ್ಟೇ ಇರಬೇಕು ಎನ್ನುವುದೇ ಎರಡು ರಿಸೆಪ್ಟರ್‌ಗಳು ಅಕ್ಕಪಕ್ಕ ಇರುವುದಕ್ಕೆ ಸುಳಿವು ಎಂದು ಅವರು ವಾದಿಸಿದರು. ಬುದ್ಧಿವಂತ ಕೆಲಸ, ಒಪ್ಪಬೇಕಾದ್ದೇ. ಆದರೆ ಎರಡು ತಲೆ ಮತ್ತು ಉದ್ದ ಸರಪಳಿ ಇರುವ ಅಣು ಭಾರ. ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ದಾಟುವುದು ಅದಕ್ಕೆ ಕಷ್ಟ. ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಇದರಿಂದ ಬರಲಿಲ್ಲ.

ಎರಡು ತಲೆಯ ಉಪಾಯ ನಿಜವಾಗಿ ಫಲ ಕೊಟ್ಟದ್ದು ಪ್ರತಿಕಾಯಗಳಲ್ಲಿ. ಪ್ರತಿಕಾಯಕ್ಕೆ ಹುಟ್ಟಿನಿಂದಲೇ ಎರಡು ಕೈ ಇವೆ. ಎರಡೂ ಕೈ ಬೇರೆ ಬೇರೆ ರಿಸೆಪ್ಟರನ್ನು ಹಿಡಿಯುವಂತೆ ಮಾಡಿದರೆ ಆಯಿತು. ಹೇಗೂ ಡ್ರಿಪ್‌ನಲ್ಲಿ ಕೊಡುವುದರಿಂದ ನುಂಗುವ ಚಿಂತೆ ಇಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ 2021ರಲ್ಲಿ ಬಂದ ಅಮಿವಾಂಟಮಾಬ್ ಹರ್-1 ಮತ್ತು ಮೆಟ್ ಎಂಬ ಎರಡು ರಿಸೆಪ್ಟರ್‌ಗಳನ್ನು ಹಿಡಿಯುತ್ತದೆ. ನಮ್ಮ ಹರ್-2, ಹರ್-3 ಜೋಡಿಗೇ ನೇರವಾಗಿ ಮಾಡಿದ್ದು ಜೆನೊಕುಟುಜುಮಾಬ್. 2024ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಇದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಇದರ ಒಂದು ಕೈ ಹರ್-2ರ ಮೇಲೆ ಲಂಗರು ಹಾಕುತ್ತದೆ. ಇನ್ನೊಂದು ಕೈ ಪಕ್ಕದ ಹರ್-3ಕ್ಕೆ ನ್ಯೂರೆಗ್ಯುಲಿನ್ ಅಂಟದಂತೆ ಅಡ್ಡ ನಿಲ್ಲುತ್ತದೆ.

ಇದನ್ನು ಕೊಡುವುದು ಎಲ್ಲರಿಗೂ ಅಲ್ಲ. ಕೆಲವರ ಗಡ್ಡೆಯಲ್ಲಿ ನ್ಯೂರೆಗ್ಯುಲಿನ್-1 ಜೀನು ಮುರಿದು ಬೇರೊಂದು ಜೀನಿಗೆ ಅಂಟಿಕೊಂಡಿರುತ್ತದೆ. ಅಂಥ ಗಡ್ಡೆ ತನ್ನ ಬೆಳವಣಿಗೆಯ ಸಂದೇಶವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅಲ್ಲಿ ಹರ್-2, ಹರ್-3 ಜೋಡಿಯೇ ಕಾಯಿಲೆಯ ಬೇರು. ಹೀಗಿರುವ ಶ್ವಾಸಕೋಶದ ಕ್ಯಾನ್ಸರ್‌ನವರಲ್ಲಿ 33 ಶೇಕಡಾ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನವರಲ್ಲಿ 40 ಶೇಕಡಾ ಜನರ ಗಡ್ಡೆ ಕುಗ್ಗಿತು. ಎರಡನೆಯದರ ಚಿಕಿತ್ಸೆ ಎಷ್ಟು ಕಷ್ಟ ಎಂದು ಗೊತ್ತಿರುವವರಿಗೆ ಈ ಅಂಕಿಯ ಬೆಲೆ ಗೊತ್ತು. ಆದರೆ ಈ ಜೀನು ದೋಷ ಇರುವ ಗಡ್ಡೆಗಳು ನೂರಕ್ಕೆ ಒಂದಕ್ಕಿಂತ ಕಡಿಮೆ.

ಪರ್ಟುಜುಮಾಬ್ ಹರ್-2 ನೆಗೆಟಿವ್ ಗಡ್ಡೆಗಳಲ್ಲಿ ಸೋತದ್ದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಗುರಿಯಿಟ್ಟದ್ದು ಒಂದೇ ಜೋಡಿಗೆ. ಒಂದನ್ನು ಸಿಕ್ಕಿದವರಿಗೆಲ್ಲ ಕೊಟ್ಟು ನೋಡಿದರು. ಇನ್ನೊಂದನ್ನು, ಆ ಜೋಡಿಯಿಂದಲೇ ಬದುಕಿರುವ ಗಡ್ಡೆ ಯಾವುದು ಎಂದು ಮೊದಲು ಹುಡುಕಿ, ಅವರಿಗೆ ಮಾತ್ರ ಕೊಟ್ಟರು. ಔಷಧದ ಬುದ್ಧಿವಂತಿಕೆಯಷ್ಟೇ ಈ ಹುಡುಕಾಟವೂ ಮುಖ್ಯ, ಬಹುಶಃ ಜಾಸ್ತಿಯೇ.

ಅಲ್ಲೇ ದೊಡ್ಡ ಕೊರತೆ ಇರುವುದು. ಆಸ್ಪತ್ರೆಯ ಲ್ಯಾಬಿನಲ್ಲಿ ಇವತ್ತಿಗೂ ಅಳೆಯುವುದು ಹರ್-2 ಎಷ್ಟಿದೆ ಎಂಬುದನ್ನು. ಎಷ್ಟು ಹರ್-2 ಹರ್-3ರ ಜೊತೆ ಕೂಡಿದೆ ಎಂಬುದನ್ನಲ್ಲ. ಜೋಡಿಗಳನ್ನೇ ಎಣಿಸುವ ವಿಧಾನಗಳು ಸಂಶೋಧನಾ ಲ್ಯಾಬುಗಳಲ್ಲಿವೆ, ಮಾಮೂಲಿ ವರದಿಯಲ್ಲಿ ಇಲ್ಲ. ನ್ಯೂರೆಗ್ಯುಲಿನ್ ಜೀನಿನ ದೋಷ ಸರಿಯಾಗಿ ಪತ್ತೆಯಾಗಬೇಕಾದರೆ ಗಡ್ಡೆಯ ಆರ್‌ಎನ್‌ಎ ಓದಿಸಬೇಕು. ಡಿಎನ್‌ಎ ಪರೀಕ್ಷೆ ಒಂದರಿಂದಲೇ ಎಷ್ಟೋ ಸಲ ಅದು ತಪ್ಪಿಹೋಗುತ್ತದೆ. ಮೊದಲೇ ಬಯಾಪ್ಸಿ, ಸ್ಕ್ಯಾನ್, ಕೀಮೋ ಎಂದು ಕೈ ಖಾಲಿಯಾಗಿರುವ ಮನೆಯವರಿಗೆ, ನೂರರಲ್ಲಿ ಒಬ್ಬರಿಗೂ ಸಿಗದ ಉತ್ತರಕ್ಕಾಗಿ ಇನ್ನೊಂದು ದುಬಾರಿ ಟೆಸ್ಟ್ ಮಾಡಿಸಿ ಅಂತ ಡಾಕ್ಟರು ಹೇಳುವುದಾದರೂ ಹೇಗೆ? ಹೇಳದೇ ಇರುವುದಾದರೂ ಹೇಗೆ?